ಮನೆಯವರಿಗೆಲ್ಲ ನವೆ ಹತ್ತಿದರೆ ನಾಯಿಯೇ ಕಾರಣವೇ? ಡಿಎನ್‌ಎ ಹೇಳುವುದು ಬೇರೆ

"ನಾಯಿ ಸಾಕಿದ ಮನೆಗೆ ಚರ್ಮರೋಗ ತಪ್ಪಿದ್ದಲ್ಲ." "ಬೀದಿನಾಯಿ ಮೈ ಸವರಿದರೆ ಹುಳುಕಡ್ಡಿ ಬರುತ್ತದೆ." "ನಾಯಿ ಅಂದರೆ ತೋಳ, ಅದಕ್ಕೆ ಅನ್ನ ಹಾಕಿದರೆ ಚರ್ಮ ಕೆಡುತ್ತದೆ, ಆಮೇಲೆ ಅದೇ ಕಾಯಿಲೆ ಮಕ್ಕಳಿಗೆ ಅಂಟುತ್ತದೆ." ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಮಾತುಗಳು ಆಗಾಗ ಬಂದು ಹೋಗುತ್ತಿರುತ್ತವೆ. ಇವು ಪೂರ್ತಿ ಸುಳ್ಳಲ್ಲ. ಒಂದು ಚಿಟಿಕೆ ನಿಜ ಇರುವುದರಿಂದಲೇ ಇಷ್ಟು ಸುಲಭವಾಗಿ ಹರಡುತ್ತವೆ. ಆದರೆ ಇದನ್ನು ನಂಬಿದ ಮನೆಯಲ್ಲಿ ಎರಡು ನಷ್ಟ ಆಗುತ್ತದೆ. ಸಾಕಿದ ನಾಯಿ ಬೀದಿಗೆ ಬೀಳುತ್ತದೆ. ಮನೆಯವರ ಮೈಮೇಲಿನ ಕಾಯಿಲೆ ಇದ್ದಲ್ಲೇ ಇರುತ್ತದೆ.

ಚುಟುಕಾಗಿ ಉತ್ತರ ಬೇಕಾದವರಿಗೆ: ನಮ್ಮ ದೇಶದಲ್ಲಿ ಈಗ ಮನೆಮನೆಗೆ ಹಬ್ಬುತ್ತಿರುವ ಹುಳುಕಡ್ಡಿ ಮುಖ್ಯವಾಗಿ ಮನುಷ್ಯರಿಂದ ಮನುಷ್ಯರಿಗೆ ಬರುವಂಥದ್ದು. ಮನುಷ್ಯರ ಕಜ್ಜಿಯೂ ಹಾಗೆಯೇ. ನಾಯಿಯಿಂದ ಅಂಟುವ ಚರ್ಮರೋಗ ಇಲ್ಲವೇ ಇಲ್ಲ ಎಂದಲ್ಲ, ಆದರೆ ಅದರ ಲಕ್ಷಣ ಬೇರೆ, ಹರಡುವ ರೀತಿ ಬೇರೆ. ಯಾವುದು ಯಾರಿಂದ ಬಂತು ಎಂದು ಈಗ ಊಹೆ ಮಾಡಬೇಕಾಗಿಲ್ಲ. ಹುಳದ ಡಿಎನ್‌ಎ, ಶಿಲೀಂಧ್ರದ ಡಿಎನ್‌ಎ, ನಾಯಿಯ ಡಿಎನ್‌ಎ ಎಲ್ಲವನ್ನೂ ಓದಿ ನೋಡಿದ್ದಾರೆ.

ಕಜ್ಜಿ: ಹೆಸರು ಒಂದೇ, ವಂಶ ಎರಡು

ಕಜ್ಜಿಗೆ ಕಾರಣ ಸಾರ್ಕಾಪ್ಟಿಸ್ ಎಂಬ ನುಸಿ. ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಕಣ್ಣಿಗೆ ಕಾಣುವುದು ಕಷ್ಟ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸಣ್ಣ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಮನುಷ್ಯರ ಮೇಲೂ ಇದೇ ನುಸಿ, ನಾಯಿಯ ಮೇಲೂ ಇದೇ ನುಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚೂಕಡಿಮೆ ಒಂದೇ ಥರ. ಹಾಗಾಗಿ ನಾಯಿಯಿಂದ ನಮಗೆ ಬಂತು ಎಂದು ಜನ ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇದು ಬರೀ ಮನೆಮಾತಾಗಿ ಉಳಿದಿರಲಿಲ್ಲ, ಸಾರ್ವಜನಿಕ ಆರೋಗ್ಯದ ಪ್ರಶ್ನೆಯೂ ಆಗಿತ್ತು. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯಗಳಲ್ಲಿ ಕಜ್ಜಿ ಬಹಳ. ಅಲ್ಲಿ ನಾಯಿಗಳೂ ಬಹಳ, ನಾಯಿಗಳಿಗೂ ಕಜ್ಜಿ. ಹಣ, ಔಷಧಿ ಯಾರ ಮೇಲೆ ಖರ್ಚು ಮಾಡಬೇಕು, ಜನರ ಮೇಲೋ ನಾಯಿಗಳ ಮೇಲೋ? 1999ರಲ್ಲಿ ಸಂಶೋಧಕರು ಎರಡೂ ಕಡೆಯ ನುಸಿಗಳನ್ನು ಹಿಡಿದು ಅವುಗಳ ಡಿಎನ್‌ಎ ಗುರುತು ಹೋಲಿಸಿದರು. ನಾಯಿಯ ನುಸಿಗಳೆಲ್ಲ ಒಂದು ಗುಂಪು, ಮನುಷ್ಯರ ನುಸಿಗಳೆಲ್ಲ ಇನ್ನೊಂದು ಗುಂಪು. ಊರು ಒಂದೇ ಆದರೂ ವಂಶ ಬೇರೆ. ಜನರ ಕಜ್ಜಿ ಹೋಗಲಾಡಿಸಲು ನಾಯಿಗಳ ಹಿಂದೆ ಬೀಳಬೇಕಾಗಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಈ ಗಡಿ ಎಂದೂ ಎಲ್ಲೂ ದಾಟುವಂಥದ್ದೇ ಅಲ್ಲ ಎಂದೇನಲ್ಲ. ಆದರೆ ಒಂದು ಊರಿನ ಕಜ್ಜಿಗೆ ನಾಯಿಯನ್ನು ಹೊಣೆ ಮಾಡಲು ಅದು ಸಾಲದು.

ನಾಯಿಯ ನುಸಿ ನಮ್ಮ ಮೈಗೆ ಹತ್ತುವುದೇ ಇಲ್ಲವೇ? ಹತ್ತುತ್ತದೆ. ಕಜ್ಜಿ ಹಿಡಿದ ನಾಯಿಯನ್ನು ಎತ್ತಿ ಮುದ್ದಾಡಿದರೆ ತೋಳು, ಹೊಟ್ಟೆ, ತೊಡೆಯ ಮೇಲೆ, ಅಂದರೆ ನಾಯಿ ತಾಗಿದ ಕಡೆಗಳಲ್ಲಿ, ಸಣ್ಣ ಕೆಂಪು ಗುಳ್ಳೆ ಎದ್ದು ಬೇಗನೇ ನವೆ ಶುರುವಾಗುತ್ತದೆ. ಆದರೆ ಆ ನುಸಿ ನಮ್ಮ ಚರ್ಮದಲ್ಲಿ ಸಂಸಾರ ಹೂಡಲಾರದು. ನಾಯಿಗೆ ಚಿಕಿತ್ಸೆ ಆದರೆ ನಮ್ಮ ನವೆ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ.

ಮನುಷ್ಯರ ಕಜ್ಜಿ ಹಾಗಲ್ಲ. ಮೊದಲ ಸಲ ಅಂಟಿಕೊಂಡಾಗ ನವೆ ಕಾಣಿಸಿಕೊಳ್ಳಲು 4ರಿಂದ 6 ವಾರ ಹಿಡಿಯಬಹುದು. ಬೆರಳ ಸಂದಿ, ಮಣಿಕಟ್ಟು, ಸೊಂಟ, ಗುಪ್ತಾಂಗದ ಸುತ್ತ ಬರುತ್ತದೆ, ರಾತ್ರಿ ಹೆಚ್ಚಾಗುತ್ತದೆ, ತಾನಾಗಿ ಹೋಗುವುದಿಲ್ಲ. ಒಂದು ತಿಂಗಳ ಹಿಂದೆ ಹಾಸ್ಟೆಲಿನಿಂದಲೋ ನೆಂಟರ ಮನೆಯಿಂದಲೋ ಬಂದದ್ದು ಈಗ ಕೆರೆಯುವುದರಿಂದ, ಮೂಲ ಯಾರಿಗೂ ನೆನಪಿರುವುದಿಲ್ಲ. ಕಣ್ಣೆದುರಿಗೆ ಇರುವುದು ನಾಯಿ. ಅಪರಾಧಿ ಸಿಕ್ಕಿಬಿಡುತ್ತಾನೆ! ಮನೆಮಂದಿಯೆಲ್ಲ, ನವೆ ಇಲ್ಲದವರೂ ಸೇರಿ, ಒಂದೇ ದಿನ ವೈದ್ಯರು ಹೇಳಿದ ಮುಲಾಮು ಹಚ್ಚಿಕೊಳ್ಳದಿದ್ದರೆ ಇದು ಒಬ್ಬರಿಂದ ಇನ್ನೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಹುಳುಕಡ್ಡಿಯಲ್ಲಿ ಹುಳು ಇಲ್ಲ, ನಾಯಿಯೂ ಇಲ್ಲ

ಹುಳುಕಡ್ಡಿ ಅನ್ನಿ, ಗಜಕರ್ಣ ಅನ್ನಿ, ತದ್ದು ಅನ್ನಿ, ಇದರಲ್ಲಿ ಯಾವ ಹುಳುವೂ ಇಲ್ಲ. ಇದು ಶಿಲೀಂಧ್ರ, ಅಂದರೆ ಫಂಗಸ್. ಚರ್ಮ, ಉಗುರು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುತ್ತದೆ. ನಡುವೆ ತಿಳಿಯಾಗುತ್ತ ಅಂಚಿನಲ್ಲಿ ಬೆಳೆಯುವುದರಿಂದ ಬಳೆಯಂತೆ ಕಾಣುತ್ತದೆ, ಅಷ್ಟೇ.

ಹಿಂದೆ ಇದು ದೊಡ್ಡ ಕಾಯಿಲೆ ಎನಿಸಿರಲಿಲ್ಲ. ಎರಡು ಮೂರು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದಲ್ಲಿ ಚಿತ್ರ ಬದಲಾಯಿತು. ತೊಡೆಸಂದಿ, ಸೊಂಟ, ಪೃಷ್ಠ, ಮುಖ ಹೀಗೆ ಅಗಲವಾಗಿ ಹರಡುವ, ಮಾತ್ರೆ ನುಂಗಿದರೂ ಮರಳಿ ಬರುವ, ಗಂಡ ಹೆಂಡತಿ ಮಕ್ಕಳಿಗೆಲ್ಲ ಒಟ್ಟಿಗೆ ಬರುವ ಹುಳುಕಡ್ಡಿಯನ್ನು ಚರ್ಮವೈದ್ಯರು ದಿನವೂ ನೋಡತೊಡಗಿದರು. 2020ರಲ್ಲಿ ಜಪಾನಿನ ಸಂಶೋಧಕರು ಇದರ ಹಿಂದಿರುವ ಶಿಲೀಂಧ್ರಕ್ಕೆ ಹೊಸ ಪ್ರಭೇದದ ಹೆಸರು ಕೊಟ್ಟರು: ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಸರಿನಲ್ಲೇ ಇಂಡಿಯಾ ಇದೆ, ಹೆಮ್ಮೆಪಡುವ ವಿಷಯ ಮಾತ್ರ ಅಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದು ಪತ್ತೆಯಾದದ್ದನ್ನು ವರದಿ ಮಾಡಿತು. ಅವರಲ್ಲಿ ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿ ಬಂದಿದ್ದರು. ಇನ್ನೊಬ್ಬರು ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ.

ಔಷಧಿ ಯಾಕೆ ಸೋಲುತ್ತಿದೆ ಎಂಬುದಕ್ಕೆ ಉತ್ತರ ಅದರ ಜೀನಿನಲ್ಲಿದೆ. ಹುಳುಕಡ್ಡಿಗೆ ಸಾಮಾನ್ಯವಾಗಿ ಕೊಡುವ ಔಷಧಿ ಟರ್ಬಿನಾಫಿನ್. ಶಿಲೀಂಧ್ರ ತನ್ನ ಜೀವಕೋಶದ ಹೊದಿಕೆ ಕಟ್ಟಿಕೊಳ್ಳಲು ಬಳಸುವ ಒಂದು ಕಿಣ್ವವನ್ನು ಈ ಔಷಧಿ ಹಿಡಿದು ನಿಲ್ಲಿಸುತ್ತದೆ. ಕಿಣ್ವ ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಹಟಮಾರಿ ಶಿಲೀಂಧ್ರಗಳಲ್ಲಿ ಹೆಚ್ಚಾಗಿ ಕಂಡುಬಂದದ್ದು, ಈ ಸರದ 397ನೇ ಮಣಿ ಬದಲಾಗಿರುವುದು. ಫಿನೈಲ್‌ಅಲನಿನ್ ಇರಬೇಕಾದ ಜಾಗದಲ್ಲಿ ಲ್ಯೂಸಿನ್ ಬಂದು ಕೂತಿದೆ. ಒಂದೇ ಒಂದು ಮಣಿ! ಔಷಧಿಗೆ ಹಿಡಿಯಲು ಜಾಗ ಸಿಗುವುದಿಲ್ಲ, ಕಿಣ್ವ ಮಾತ್ರ ತನ್ನ ಕೆಲಸ ಮಾಡಿಕೊಂಡೇ ಇರುತ್ತದೆ.

ಬೇರೆ ಬೇರೆ ಕಡೆಯ ರೋಗಿಗಳಿಂದ ತೆಗೆದ ಇಂಡೋಟಿನಿಯೆ ಮಾದರಿಗಳ ಪೂರ್ಣ ಡಿಎನ್‌ಎ ಓದಿದಾಗ ಅವೆಲ್ಲ ಒಂದೇ ತಾಯಿಯ ಮಕ್ಕಳಂತೆ ಹೋಲುತ್ತವೆ. ಅಂದರೆ ಇತ್ತೀಚೆಗೆ ಹುಟ್ಟಿ, ಜನರ ನಡುವೆ ವೇಗವಾಗಿ ಓಡಿದ ವಂಶ ಇದು. ಪ್ರಾಣಿಗಳಲ್ಲಿ ಅಪರೂಪಕ್ಕೆ ಸಿಕ್ಕಿದ್ದುಂಟು. ಆದರೆ ಮನೆಯಿಂದ ಮನೆಗೆ ಇದನ್ನು ಸಾಗಿಸುತ್ತಿರುವುದು ಹಂಚಿಕೊಂಡ ಟವೆಲು, ಒದ್ದೆ ಒಳಉಡುಪು, ಒಂದೇ ಹಾಸಿಗೆ. ನಾಯಿಯಲ್ಲ.

ಇದಕ್ಕೆ ಉಪ್ಪು ಗೊಬ್ಬರ ಹಾಕಿ ಬೆಳೆಸಿದ್ದು ಯಾವುದು ಎಂದು ಕೇಳಿದರೆ ಅನೇಕ ಚರ್ಮವೈದ್ಯರು ಕೈ ತೋರಿಸುವುದು ಮೆಡಿಕಲ್ ಸ್ಟೋರಿನ ಮಿಶ್ರ ಮುಲಾಮುಗಳ ಕಡೆಗೆ. ಒಂದೇ ಟ್ಯೂಬಿನಲ್ಲಿ ಫಂಗಸ್ ಔಷಧಿ, ಆ್ಯಂಟಿಬಯಾಟಿಕ್, ಜೊತೆಗೆ ಕ್ಲೋಬೆಟಸಾಲ್‌ನಂಥ ಬಲವಾದ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ನವೆ ಮಾಯ, ಕೆಂಪು ಮಾಯ. "ಎಂಥಾ ಔಷಧಿ!" ಎಂದು ಇನ್ನೊಬ್ಬರಿಗೂ ಹೇಳುತ್ತೇವೆ. ಆದರೆ ಸ್ಟೀರಾಯ್ಡ್ ಮಾಡಿದ್ದು ಶಿಲೀಂಧ್ರವನ್ನು ಕೊಂದದ್ದಲ್ಲ, ಅದರ ವಿರುದ್ಧ ಹೋರಾಡುತ್ತಿದ್ದ ನಮ್ಮ ಚರ್ಮದ ಕಾವಲನ್ನು ಮಲಗಿಸಿದ್ದು. ನವೆ ಎಂಬುದು ಆ ಕಾವಲಿನ ಕೂಗು. ಕೂಗು ನಿಂತ ಮೇಲೆ ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಬಳೆಯ ಆಕಾರ ಕಳೆದುಕೊಂಡು ವೈದ್ಯರಿಗೇ ಗುರುತು ಸಿಗದಂತೆ ಮಾರುವೇಷ ಹಾಕುತ್ತದೆ. ಚರ್ಮ ತೆಳುವಾಗಿ ಬಿಳಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ನಿಯಮ ಕಾಗದದ ಮೇಲಿದೆ. ಟ್ಯೂಬು ಕೌಂಟರಿನ ಮೇಲಿದೆ.

ಹಾಗಾದರೆ ನಾಯಿಯಿಂದ ಬರುವ ಹುಳುಕಡ್ಡಿ ಯಾವುದು? ಅದರ ಹೆಸರು ಮೈಕ್ರೋಸ್ಪೋರಮ್ ಕ್ಯಾನಿಸ್. ಕ್ಯಾನಿಸ್ ಎಂದರೆ ನಾಯಿಯದು ಎಂದರ್ಥ, ಆದರೆ ಇದನ್ನು ಹೆಚ್ಚಾಗಿ ಹೊತ್ತು ತಿರುಗುವುದು ಬೆಕ್ಕು, ಅದರಲ್ಲೂ ಮರಿಗಳು. ಹೆಸರು ಬಿದ್ದದ್ದು ನಾಯಿಗೆ, ಪಾಪ. ಸಾಕುಪ್ರಾಣಿಯ ಮೈಮೇಲೆ ಕೂದಲುದುರಿ ಹೊಟ್ಟು ಎದ್ದ ದುಂಡು ಮಚ್ಚೆ ಇದ್ದು, ಅದರ ಜೊತೆ ಆಡುವ ಮಗುವಿನ ತಲೆಯಲ್ಲೂ ಕೂದಲುದುರಿದ ಮಚ್ಚೆ ಕಂಡರೆ ಇದರ ಅನುಮಾನ ಪಡಬೇಕು. ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದರೆ ಇದು ತಗುಲಿದ ಕೂದಲು ಅನೇಕ ಸಲ ಹಸಿರಾಗಿ ಹೊಳೆಯುತ್ತದೆ. ಆಗ ಮಗುವನ್ನೂ ಪ್ರಾಣಿಯನ್ನೂ ಒಟ್ಟಿಗೆ ಗುಣಪಡಿಸಬೇಕು. ಅಮ್ಮನ ಸೊಂಟದಲ್ಲಿ, ಅಪ್ಪನ ತೊಡೆಸಂದಿಯಲ್ಲಿ ಆರು ತಿಂಗಳಿಂದ ಇರುವ ಹುಳುಕಡ್ಡಿಗೆ ಇದು ವಿವರಣೆಯಾಗುವುದು ಕಡಿಮೆ.

ತೋಳಕ್ಕೆ ಅನ್ನ ಹಾಕಬಹುದೇ?

ಫಾರ್ವರ್ಡಿನ ಮೂರನೇ ಮಾತು ಹೆಚ್ಚು ವೈಜ್ಞಾನಿಕವಾಗಿ ಕೇಳಿಸುತ್ತದೆ. ನಾಯಿ ತೋಳದ ವಂಶ, ತೋಳ ಮಾಂಸಾಹಾರಿ, ಆದ್ದರಿಂದ ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ ನಾಯಿಗೆ ವಿಷ ಎಂಬುದು ಅದರ ವಾದ. ಮೊದಲ ಎರಡು ಮಾತು ನಿಜ. ಮೂರನೆಯದು ತಪ್ಪು. ತೋಳ ನಾಯಿಯಾಗುವ ದಾರಿಯಲ್ಲಿ ಏನೇನು ಬದಲಾಯಿತು ಎಂಬುದನ್ನು ಅದು ಮರೆತಿದೆ.

2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 12 ತೋಳಗಳ, 14 ತಳಿಗಳ 60 ನಾಯಿಗಳ ಡಿಎನ್‌ಎ ಹೋಲಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾಕುವಿಕೆಯ ಗುರುತು ಬಿದ್ದಂತೆ ಕಂಡದ್ದು 36 ಜಾಗಗಳಲ್ಲಿ. ಅದರಲ್ಲಿ 19 ಜಾಗಗಳಲ್ಲಿ ಮಿದುಳಿಗೆ ಸಂಬಂಧಿಸಿದ ಜೀನುಗಳಿದ್ದವು. ಅದು ನಿರೀಕ್ಷಿತವೇ, ನಾಯಿ ಸಾಧುವಾದದ್ದು ಹಾಗೆ. ಅಚ್ಚರಿ ಇದ್ದದ್ದು ಹೊಟ್ಟೆಯಲ್ಲಿ. ಪಿಷ್ಟವನ್ನು, ಅಂದರೆ ಅನ್ನ ರೊಟ್ಟಿಗಳ ಮುಖ್ಯ ಅಂಶವನ್ನು, ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30 ಪ್ರತಿ ಇದ್ದವು. ಮೇದೋಜೀರಕ ಗ್ರಂಥಿಯಲ್ಲಿ ಈ ಜೀನಿನ ಚಟುವಟಿಕೆ ತೋಳಕ್ಕಿಂತ ನಾಯಿಯಲ್ಲಿ 28 ಪಟ್ಟು ಹೆಚ್ಚು. ಅದೇ ಅಡುಗೆ ಪುಸ್ತಕದ ಒಂದೇ ಪುಟವನ್ನು ಹತ್ತಾರು ಸಲ ಜೆರಾಕ್ಸ್ ಮಾಡಿ, ಹತ್ತಾರು ಭಟ್ಟರ ಕೈಗೆ ಕೊಟ್ಟ ಹಾಗೆ.

ಇಷ್ಟು ಪ್ರತಿಗಳು ಬಂದದ್ದು ಯಾವಾಗ? ನಾಯಿ ನಮ್ಮ ಜೊತೆ ಸೇರಿದ್ದು ಬೇಸಾಯಕ್ಕಿಂತ ಮೊದಲು. ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನಲ್ಲಿ ಸುಮಾರು 14,000 ವರ್ಷ ಹಿಂದೆ ಮನುಷ್ಯರೊಂದಿಗೆ ಹೂಳಿದ ಒಂದು ನಾಯಿಮರಿಯ ಅವಶೇಷ ಸಿಕ್ಕಿದೆ. ಆ ಮರಿಗೆ ಕಾಯಿಲೆ ಬಂದಿತ್ತು, ಆರೈಕೆ ಇಲ್ಲದೆ ಅಷ್ಟು ದಿನ ಬದುಕುತ್ತಿರಲಿಲ್ಲ ಎಂದು ಅದರ ಹಲ್ಲುಗಳನ್ನು ಪರೀಕ್ಷಿಸಿದವರು ಹೇಳುತ್ತಾರೆ. 2020ರಲ್ಲಿ 27 ಪ್ರಾಚೀನ ನಾಯಿಗಳ ಡಿಎನ್‌ಎ ಓದಿದ ಅಧ್ಯಯನದ ಪ್ರಕಾರ 11,000 ವರ್ಷ ಹಿಂದೆಯೇ ನಾಯಿಗಳಲ್ಲಿ ಕನಿಷ್ಠ ಐದು ವಂಶಗಳು ಕವಲೊಡೆದಿದ್ದವು. ಅಮೈಲೇಸ್ ಪ್ರತಿಗಳು ಹೆಚ್ಚಿದ್ದು ಆಮೇಲೆ, ಯುರೋಪಿನಲ್ಲಿ ಸುಮಾರು 7,000 ವರ್ಷ ಹಿಂದಿನ ನಾಯಿಗಳಲ್ಲಿ ಅದು ಕಾಣುತ್ತದೆ. ರೈತರು ಉಂಡದ್ದನ್ನೇ ನಾಯಿಯೂ ಉಂಡಿತು, ಅದನ್ನು ಅರಗಿಸಿಕೊಂಡವು ಹೆಚ್ಚು ಮರಿ ಹಾಕಿದವು. ಬೇಸಾಯ ಹತ್ತಿರ ಸುಳಿಯದ ಕಡೆ ಬೆಳೆದ ಆಸ್ಟ್ರೇಲಿಯಾದ ಡಿಂಗೊದಲ್ಲಿ ಇವತ್ತಿಗೂ ಎರಡೇ ಪ್ರತಿ, ಸೈಬೀರಿಯನ್ ಹಸ್ಕಿಯಲ್ಲೂ ಕೆಲವೇ. ಹಾಗಾಗಿ ಬೆಂಗಳೂರಿನ ಫ್ಲ್ಯಾಟಿನ ಹಸ್ಕಿಯನ್ನೂ ನಮ್ಮ ಊರುನಾಯಿಯನ್ನೂ ಒಂದೇ ತಟ್ಟೆಯಲ್ಲಿ ತೂಗುವುದು ಸರಿಯಲ್ಲ.

ಅಂದಹಾಗೆ ಮನುಷ್ಯರದ್ದೂ ಇದೇ ಕತೆ. ಪಿಷ್ಟ ಹೆಚ್ಚು ತಿನ್ನುವ ಜನಾಂಗಗಳಲ್ಲಿ ಜೊಲ್ಲಿನ ಅಮೈಲೇಸ್ ಜೀನಿನ ಪ್ರತಿಗಳು ಸರಾಸರಿ ಹೆಚ್ಚಿವೆ ಎಂದು 2007ರಲ್ಲೇ ತಿಳಿದಿತ್ತು.

ಅನ್ನದಿಂದ ನಾಯಿಯ ಚರ್ಮ ಕೆಡುತ್ತದೆ ಎಂಬುದಕ್ಕೂ ಆಧಾರ ಕಡಿಮೆ. ಆಹಾರದ ಅಲರ್ಜಿಯಿಂದ ನವೆ ಬರುವ ನಾಯಿಗಳಿವೆ. ಅವುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ಹಾಗೆಂದು ಬರೀ ಅನ್ನ ಹಾಕಿದರೆ ಸಾಲದು, ನಾಯಿಗೆ ಪ್ರೋಟೀನ್, ಕೊಬ್ಬು ಬೇಕೇ ಬೇಕು. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಅನ್ನಕ್ಕೆ ಕಲಸುವ ಸಾರಿನ ವಿಷಯದಲ್ಲಿ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ.

ಚರ್ಮ ಕಾಯುವ ಜೀನು, ಮಗುವಿನ ಎಸ್ಜಿಮಾ

ಕಪ್ಪು ನಾಯಿ ಅಪಶಕುನ ಎನ್ನುವವರಿಗೆ ಒಂದು ಸಂಗತಿ. ಬಹುಪಾಲು ಕಪ್ಪು ನಾಯಿಗಳ ಬಣ್ಣಕ್ಕೆ ಕಾರಣವಾದ ಜೀನು ಸಿಬಿಡಿ103. ಇದು ಮೂಲತಃ ಬಣ್ಣದ ಜೀನಲ್ಲ, ಚರ್ಮದ ಮೇಲೆ ರೋಗಾಣುಗಳನ್ನು ತಡೆಯುವ ಡಿಫೆನ್ಸಿನ್ ಎಂಬ ಪ್ರೋಟೀನಿನ ಜೀನು. ಅದರ ಒಂದು ರೂಪಾಂತರ ಬಣ್ಣವನ್ನೂ ಕಪ್ಪಾಗಿಸುತ್ತದೆ. ಈ ರೂಪಾಂತರ ಉತ್ತರ ಅಮೆರಿಕದ ತೋಳಗಳಿಗೆ ಹೋದದ್ದು ನಾಯಿಗಳಿಂದ ಎಂದು 2009ರಲ್ಲಿ ಗೊತ್ತಾಯಿತು. ತೋಳ ನಮಗೆ ನಾಯಿ ಕೊಟ್ಟಿತು, ನಾಯಿ ತೋಳಕ್ಕೆ ಕಪ್ಪು ಬಣ್ಣ ವಾಪಸು ಕೊಟ್ಟಿತು. ಡಿಸ್ಟೆಂಪರ್ ರೋಗ ಪದೇಪದೇ ಬರುವ ಪ್ರದೇಶಗಳಲ್ಲಿ ಕಪ್ಪು ತೋಳಗಳು ಹೆಚ್ಚಿವೆ, ಆ ರೋಗದಿಂದ ಪಾರಾಗುವ ಸಾಧ್ಯತೆಯೂ ಅವಕ್ಕೆ ಹೆಚ್ಚು ಎಂದು 2022ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು.

ಇನ್ನು ಮಕ್ಕಳ ಎಸ್ಜಿಮಾ, ನಮ್ಮ ಮಾತಿನಲ್ಲಿ ಇಸಬು. ಇದು ಅಂಟುರೋಗವೇ ಅಲ್ಲ. ಅರ್ಧ ಹುಟ್ಟಿನಿಂದ ಬಂದ ಜೀನು, ಅರ್ಧ ಸುತ್ತಲಿನ ವಾತಾವರಣ. 2025ರಲ್ಲಿ 'ಅಲರ್ಜಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಯುರೋಪಿನ 16 ಅಧ್ಯಯನಗಳ 25 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ, ಎಸ್ಜಿಮಾಕ್ಕೆ ಸಂಬಂಧಿಸಿದ 24 ಜೀನು ವ್ಯತ್ಯಾಸಗಳನ್ನು ಎಳೆತನದ 18 ಪರಿಸರ ಅಂಶಗಳ ಜೊತೆ ಇಟ್ಟು ನೋಡಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಮತ್ತೆ ಪರೀಕ್ಷಿಸಿದಾಗ ಎದ್ದು ನಿಂತದ್ದು ನಾಯಿ. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ಜೀನಿನ ಬಳಿ ಅಪಾಯದ ರೂಪ ಇರುವ ಮಕ್ಕಳು ನಾಯಿ ಇರುವ ಮನೆಯಲ್ಲಿ ಬೆಳೆದರೆ ಆ ಅಪಾಯ ಕಡಿಮೆಯಾದಂತೆ ಕಂಡಿತು.

ಇದನ್ನು ಓದಿ ನಾಳೆಯೇ "ಎಸ್ಜಿಮಾಕ್ಕೆ ನಾಯಿ ಮದ್ದು" ಎಂದು ಫಾರ್ವರ್ಡ್ ಮಾಡಬೇಡಿ. ಇದು ಯುರೋಪಿನ ಮಕ್ಕಳ ಲೆಕ್ಕ. ಮೊದಲೇ ಎಸ್ಜಿಮಾ ಇರುವ ಮಗುವಿಗೆ ನಾಯಿ ತಂದರೆ ಗುಣವಾಗುತ್ತದೆ ಎಂದು ಇದು ಹೇಳುವುದಿಲ್ಲ. ನಾಯಿಯ ಅಲರ್ಜಿ ಇರುವ ಮಗುವಿಗೆ ಅದು ತೊಂದರೆಯನ್ನೇ ಹೆಚ್ಚಿಸಬಹುದು.

ನಾಯಿಗೇ ಕಜ್ಜಿ ಬಂದರೆ

ಹಳೇ ಎಂಜಿನ್ ಆಯಿಲ್ ಸುರಿಯುವುದು, ಸೀಮೆಎಣ್ಣೆ ಸವರುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ನಾಯಿ ಅದನ್ನು ನೆಕ್ಕುತ್ತದೆ, ಅದರ ವಿಷ ಹೊಟ್ಟೆಗೆ ಹೋಗುತ್ತದೆ, ಚರ್ಮ ಸುಡುತ್ತದೆ. ಕೂದಲುದುರಿದ ಎಲ್ಲ ನಾಯಿಗೂ ಅಂಟುಕಜ್ಜಿಯೇ ಇರಬೇಕೆಂದಿಲ್ಲ. ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ತಾಯಿಯಿಂದ ಮರಿಗೆ ಹುಟ್ಟಿದ ಮೊದಲ ದಿನಗಳಲ್ಲೇ ಬಂದಿರುತ್ತದೆ, ಅದು ಮನುಷ್ಯರಿಗೆ ಬರುವುದೇ ಇಲ್ಲ. ಉಣ್ಣಿ, ಚಿಗಟದಿಂದಲೂ ಕೂದಲುದುರುತ್ತದೆ. ಪಶುವೈದ್ಯರು ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವುದೆಂದು ಹೇಳುತ್ತಾರೆ, ಮಾತ್ರೆಗಳೂ ಈಗ ಚೆನ್ನಾಗಿವೆ.

ಯೂಟ್ಯೂಬ್ ನೋಡಿ ದನಗಳಿಗೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಚುಚ್ಚುವವರಿಗೆ ಒಂದು ಎಚ್ಚರಿಕೆ. ಕೋಲಿ ಮತ್ತು ಅದರ ಸಂಬಂಧಿ ಕುರಿಕಾಯುವ ತಳಿಗಳ ಅನೇಕ ನಾಯಿಗಳಲ್ಲಿ ಎಂಡಿಆರ್1 ಎಂಬ ಜೀನು ಮುರಿದಿರುತ್ತದೆ. ಔಷಧಿ ಮಿದುಳಿಗೆ ನುಗ್ಗದಂತೆ ತಡೆಯುವ ಬಾಗಿಲು ಅದು. ಬಾಗಿಲಿಲ್ಲದ ಮನೆಗೆ ಔಷಧಿ ನುಗ್ಗಿದರೆ ನಾಯಿ ತೂರಾಡಿ, ಪ್ರಜ್ಞೆ ತಪ್ಪಿ, ಸಾಯಲೂಬಹುದು. ಈ ಕಾರಣ ಪತ್ತೆಯಾದದ್ದು 2001ರಲ್ಲಿ.

ನಾಯಿ ಕಚ್ಚಿದರೆ, ಪರಚಿದರೆ ಈ ಲೇಖನದ ಯಾವ ಮಾತೂ ಅನ್ವಯಿಸುವುದಿಲ್ಲ. ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಬೇಕು.

ಮನೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನರಿಗೆ ನವೆ ಇದ್ದರೆ ಎಲ್ಲರೂ ಒಟ್ಟಿಗೆ ಚರ್ಮವೈದ್ಯರನ್ನು ಕಾಣಿ. ಜಿಲ್ಲಾ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇರುತ್ತದೆ. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಅದರಲ್ಲಿ ಏನಿತ್ತು ಎಂದು ಅವರಿಗೆ ತಿಳಿಯಬೇಕು. ಟವೆಲು, ಒಳಉಡುಪು ಪ್ರತಿಯೊಬ್ಬರಿಗೂ ಬೇರೆ ಇರಲಿ, ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಪೂರ್ತಿ ಒಣಗಲಿ. ನವೆ ನಿಂತಿತೆಂದು ಮಾತ್ರೆ ನಡುವೆ ನಿಲ್ಲಿಸಬೇಡಿ, ವೈದ್ಯರು ನಿಲ್ಲಿಸಿ ಎನ್ನುವವರೆಗೆ ಮುಂದುವರಿಸಿ.